ಒಂದು ಅಗುಳು, ನೂರು ಅಡುಗೆಮನೆ: ಫಾಸ್ಟ್‌ಫುಡ್ ಮಳಿಗೆಗಳ ಸರ್ಕಾರಿ ತಪಾಸಣೆಯ ಕುರಿತು

ಆಹಾರ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಸೇವೆಗೆ ಸೇರಿದ ಕೆಲವು ಆಹಾರ ಸುರಕ್ಷತಾ ಅಧಿಕಾರಿಗಳ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ, ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಬೆರಳಲ್ಲಿ ಹಿಚುಕುತ್ತಾರೆ. ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ ಆದ್ದರಿಂದ ಒಂದಗುಳು ನುಡಿದ ಸಾಕ್ಷಿ ಇಡೀ ಪಾತ್ರೆಗೆ ಸಲ್ಲುತ್ತದೆ. ಒಂದೇ ಹೆಸರು, ಒಂದೇ ಬಣ್ಣದ ಫಲಕ, ಒಂದೇ ರುಚಿ ಇಟ್ಟುಕೊಂಡು ನೂರು ಊರುಗಳಲ್ಲಿ ವ್ಯಾಪಾರ ಮಾಡುವ ಫಾಸ್ಟ್‌ಫುಡ್ ಚೈನ್‌ಗೆ ಈ ಲೆಕ್ಕ ಸಲ್ಲುತ್ತದೆಯೇ ಎಂಬುದೇ ಇವತ್ತಿನ ನನ್ನ ಪ್ರಶ್ನೆ. ಒಂದು ಮಳಿಗೆಗೆ ಹೋಗಿ ತಪ್ಪು ಕಂಡ ಅಧಿಕಾರಿ ಅದನ್ನು ಆ ಮಳಿಗೆಯ ತಪ್ಪೆಂದು ಬರೆದು ಮುಂದಕ್ಕೆ ಹೋಗಬೇಕೇ, ಅಥವಾ ಪಾತ್ರೆಯೇ ಬೆಂದಿಲ್ಲ ಎಂದು ತಿಳಿಯಬೇಕೇ? ಕೆಲವು ತಪ್ಪುಗಳು ಅಗುಳಿನವು, ಕೆಲವು ಪಾತ್ರೆಯವು. ಎರಡನ್ನೂ ಬೇರ್ಪಡಿಸಿ ನೋಡುವ ಕಣ್ಣಿಲ್ಲದಿದ್ದರೆ ತಪಾಸಣೆ ಎಷ್ಟು ಸಲ ನಡೆದರೂ ಅದರ ಫಲ ಸಿಕ್ಕುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾತಿಗೆ ನಾನು ಮೊದಲು ಆಧಾರವಾಗಿ ತೆಗೆದುಕೊಳ್ಳುವುದು 1993ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದದ್ದನ್ನು. ನಾನು ಹೇಳುತ್ತಿರುವುದು ಆ ದೇಶದ ರಾಜಧಾನಿಯ ಸುದ್ದಿಯಲ್ಲ, ವಾಯವ್ಯ ಮೂಲೆಯಲ್ಲಿರುವ, ಸಿಯಾಟಲ್ ನಗರವಿರುವ ರಾಜ್ಯದ ಸುದ್ದಿ. ಆ ತಿಂಗಳ 13ರಂದು ಅಲ್ಲಿನ ವೈದ್ಯರೊಬ್ಬರು ರಾಜ್ಯದ ಆರೋಗ್ಯ ಇಲಾಖೆಗೆ ಒಂದು ವರದಿ ಮುಟ್ಟಿಸಿದರು. ರಕ್ತಭೇದಿಯಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವವರು ಹೆಚ್ಚಾಗಿದ್ದರು. ಮೂತ್ರಪಿಂಡವನ್ನೇ ಕೆಡಿಸುವ ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಎಂಬ ಕಾಯಿಲೆ ಹಲವು ಮಕ್ಕಳಲ್ಲಿ ಒಟ್ಟಿಗೆ ಕಾಣಿಸಿಕೊಂಡಿತ್ತು. ಇಲಾಖೆಯವರು ತಡಮಾಡಲಿಲ್ಲ. 16 ಮತ್ತು 17ರಂದು, ಮೊದಲು ಕಾಯಿಲೆ ಬಿದ್ದವರಲ್ಲಿ 16 ಮಂದಿಯನ್ನು ಅದೇ ವಯಸ್ಸಿನ, ಅದೇ ಬಡಾವಣೆಯ ಆರೋಗ್ಯವಂತರೊಂದಿಗೆ ಹೋಲಿಸಿ, ಹಿಂದಿನ ವಾರ ಯಾರು ಎಲ್ಲಿ ಏನು ತಿಂದರು ಎಂದು ವಿಚಾರಿಸಿದರು. ಎಲ್ಲ ಎಳೆಗಳೂ ಜ್ಯಾಕ್ ಇನ್ ದ ಬಾಕ್ಸ್ ಎಂಬ ಬರ್ಗರ್ ಚೈನ್‌ನತ್ತ ಹೋದವು. 18ರಂದೇ, ಬಳಸದೆ ಉಳಿದಿದ್ದ ಪ್ಯಾಟಿಗಳನ್ನು, ಅಂದರೆ ಬರ್ಗರಿನೊಳಗಿಡುವ ಕೊಚ್ಚಿದ ಮಾಂಸದ ಬಿಲ್ಲೆಗಳನ್ನು, ಹಲವು ರಾಜ್ಯಗಳ ಮಳಿಗೆಗಳಿಂದ ಹಿಂಪಡೆಯುವ ಕೆಲಸ ಆರಂಭವಾಯಿತು. ವೈದ್ಯರ ಕರೆಗೂ ಹಿಂಪಡೆಯುವಿಕೆಗೂ ನಡುವೆ ಐದೇ ದಿನ.

ಆ ಪ್ಯಾಟಿಗಳಲ್ಲಿದ್ದದ್ದು ಇ. ಕೋಲಿ ಓ157:ಎಚ್7 ಎಂಬ ಬ್ಯಾಕ್ಟೀರಿಯಾ. ದನದ ಕರುಳಿನಲ್ಲಿ ಇದು ದನಕ್ಕೆ ತೊಂದರೆ ಕೊಡದೆ ಬದುಕಿರುತ್ತದೆ. ಮಾಂಸ ಇಡಿಯ ತುಂಡಾಗಿದ್ದರೆ ಬ್ಯಾಕ್ಟೀರಿಯಾ ಮೇಲ್ಮೈಯಲ್ಲಿ ಉಳಿದು, ಕಾವಲಿ ತಗುಲಿದೊಡನೆ ಸಾಯುತ್ತದೆ. ಮಾಂಸವನ್ನು ಕೊಚ್ಚಿ ಬೆರೆಸಿದಾಗ ಮೇಲಿದ್ದದ್ದು ಒಳಗೆ ಸೇರುತ್ತದೆ, ಒಂದು ದನದ್ದು ನೂರು ದನಗಳ ಮಾಂಸಕ್ಕೆ ಹರಡುತ್ತದೆ. ಆದ್ದರಿಂದ ಪ್ಯಾಟಿಯ ನಡುಭಾಗ ಎಷ್ಟು ಬಿಸಿಯಾಯಿತು ಎಂಬುದೊಂದೇ ಅಲ್ಲಿ ಪ್ರಾಣ ಕಾಯುವ ಸಂಗತಿ. ಆಗ ಅಮೆರಿಕದ ಕೇಂದ್ರ ಸರ್ಕಾರದ ಸೂಚನೆ ಇದ್ದದ್ದು 60 ಡಿಗ್ರಿ ಸೆಲ್ಸಿಯಸ್. ವಾಷಿಂಗ್ಟನ್ ರಾಜ್ಯ ಮಾತ್ರ 1992ರಲ್ಲಿ ತನ್ನ ನಿಯಮವನ್ನು ಬಿಗಿ ಮಾಡಿ 68.3 ಡಿಗ್ರಿ ಆಗಲೇಬೇಕೆಂದು ವಿಧಿಸಿತ್ತು. ತನಿಖೆಯ ವೇಳೆ ಆ ರಾಜ್ಯದಲ್ಲಿ ಚೈನ್‌ನ ಸ್ವಂತ ವಿಧಾನದಂತೆಯೇ 16 ಬರ್ಗರ್‌ಗಳನ್ನು ಬೇಯಿಸಿ ಅಳೆದಾಗ ಅವುಗಳಲ್ಲಿ 10ರ ನಡುಭಾಗ 60 ಡಿಗ್ರಿಯನ್ನೂ ಮುಟ್ಟಿರಲಿಲ್ಲ.

ಈ ಕೊನೆಯ ವಾಕ್ಯದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಕಾವಲಿಯ ಮುಂದೆ ನಿಂತಿದ್ದ ಹುಡುಗ ಸೋಮಾರಿಯಾಗಿರಲಿಲ್ಲ, ಚೈನ್ ಕೊಟ್ಟ ನಿಯಮ ಮುರಿದಿರಲೂ ಇಲ್ಲ. ಕೈಪಿಡಿ ಎಷ್ಟು ಹೊತ್ತು ಎಂದಿತ್ತೋ ಅಷ್ಟು ಹೊತ್ತು ಬೇಯಿಸಿ, ಮಗುಚಿ ಹಾಕು ಎಂದಾಗ ಮಗುಚಿ ಹಾಕಿದ್ದ. ಅವನು ಕೈಪಿಡಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಮಾಂಸ ಅರೆಬೆಂದಿತು. ನೆಲ ಒರೆಸಿದೆಯೇ, ತಲೆಗೆ ಟೋಪಿ ಇದೆಯೇ, ಕಸದ ಡಬ್ಬಿಗೆ ಮುಚ್ಚಳವಿದೆಯೇ ಎಂದಷ್ಟೇ ಗುರುತು ಹಾಕುವ ಅಧಿಕಾರಿ ಅಂಥ ಅಡುಗೆಮನೆಗೆ ಹೋಗಿದ್ದರೆ ಒಳ್ಳೆಯ ಅಂಕ ಕೊಟ್ಟೇ ಬರುತ್ತಿದ್ದರು. ಪ್ಯಾಟಿಯ ಹೊಟ್ಟೆಗೆ ಥರ್ಮಾಮೀಟರಿನ ಸೂಜಿ ಚುಚ್ಚಿದ್ದರೆ ಮಾತ್ರ ನಿಜ ತಿಳಿಯುತ್ತಿತ್ತು, ಮತ್ತು ಒಂದೇ ಮಳಿಗೆಯಲ್ಲಿ ಚುಚ್ಚಿದ್ದರೂ ಎಲ್ಲ ಮಳಿಗೆಗಳ ಕಥೆ ತಿಳಿಯುತ್ತಿತ್ತು. ಇದು ಪಾತ್ರೆಯ ತಪ್ಪು.

ಕಾಯಿಲೆ ಹರಡಿದ್ದು ವಾಷಿಂಗ್ಟನ್, ಐಡಾಹೊ, ನೆವಾಡ ಮತ್ತು ಕ್ಯಾಲಿಫೋರ್ನಿಯಾ ಎಂಬ ನಾಲ್ಕು ರಾಜ್ಯಗಳ 73 ಮಳಿಗೆಗಳಿಂದ. 700ಕ್ಕೂ ಹೆಚ್ಚು ಜನ ನರಳಿದರು, ನಾಲ್ವರು ಮಕ್ಕಳು ತೀರಿಕೊಂಡರು. ವಾಷಿಂಗ್ಟನ್ ರಾಜ್ಯವೊಂದರಲ್ಲೇ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ವರದಿಯಾದ 501 ಪ್ರಕರಣಗಳಲ್ಲಿ 45 ಮಂದಿಗೆ ಮೂತ್ರಪಿಂಡದ ಆ ಕಾಯಿಲೆ ಬಂತು. ಹಿಂಪಡೆಯುವಿಕೆಯಲ್ಲಿ ಸಿಕ್ಕಿದ್ದು ಸುಮಾರು 2,72,000 ಪ್ಯಾಟಿಗಳು, ಅಂದರೆ ಆ ತಯಾರಿಕೆಯ ಐದರಲ್ಲೊಂದು ಪಾಲು. ಅಷ್ಟನ್ನು ಬೇಗ ತೆಗೆದದ್ದರಿಂದ ಇನ್ನೂ 800 ಜನರಿಗೆ ಬರಬಹುದಾಗಿದ್ದ ಕಾಯಿಲೆ ತಪ್ಪಿತೆಂದು ತನಿಖೆ ನಡೆಸಿದವರು ಅಂದಾಜು ಮಾಡಿದರು. ಮುಂದೆ ಕೇಂದ್ರದ ಮಾದರಿ ಆಹಾರ ಸಂಹಿತೆಯೂ 68 ಡಿಗ್ರಿಯ ಮಟ್ಟಕ್ಕೆ ಏರಿತು. 1994ರಲ್ಲಿ ಅಲ್ಲಿನ ಕೃಷಿ ಇಲಾಖೆ, ಕೊಚ್ಚಿದ ದನದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಇದ್ದರೆ ಅದು ಕಲಬೆರಕೆಯೇ ಎಂದು ಸಾರಿತು. ಒಂದು ರಾಜ್ಯ ಮೊದಲೇ ಕಂಡಿದ್ದನ್ನು ದೇಶ ಒಪ್ಪಿಕೊಳ್ಳಲು ಇಷ್ಟು ಜನ ನರಳಬೇಕಾಯಿತಲ್ಲ ಎಂಬ ಸಂಕಟ ಈ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಆಗುತ್ತದೆ.

ಇನ್ನು ಅಗುಳಿನ ತಪ್ಪಿನಂತೆ ಕಾಣುವ ಒಂದು ಪ್ರಸಂಗ. 2015ರಲ್ಲಿ ಅಮೆರಿಕದ ಚಿಪೋಟ್ಲೆ ಎಂಬ ಚೈನ್‌ನ ಮಳಿಗೆಗಳಿಂದ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕಾಯಿಲೆಗಳು ಹಬ್ಬಿದವು. ಅವುಗಳಲ್ಲಿ ಡಿಸೆಂಬರಿನ ಬಾಸ್ಟನ್ ಪ್ರಕರಣ ನೋರೊವೈರಸ್‌ನದು, ವಾಂತಿಭೇದಿಯದು. ತರಬೇತಿಯಲ್ಲಿದ್ದ ಮ್ಯಾನೇಜರ್ ಒಬ್ಬರು ಮಳಿಗೆಯಲ್ಲೇ ವಾಂತಿ ಮಾಡಿಕೊಂಡರು. ಆದರೂ ಕೆಲಸ ಮುಂದುವರಿಸುವಂತೆ ಅವರಿಗೆ ಹೇಳಲಾಯಿತು. ಎರಡು ದಿನಗಳ ಬಳಿಕ ಅದೇ ವ್ಯಕ್ತಿ ಬಾಸ್ಟನ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಊಟ ಕಟ್ಟಿಕೊಡುವುದಕ್ಕೆ ಕೈ ಹಾಕಿದರು, ತಂಡದವರು ಕಾಯಿಲೆ ಬಿದ್ದರು. ನಗರದ ತಪಾಸಣಾ ಇಲಾಖೆ ಆ ಮಳಿಗೆಯನ್ನು ಮುಚ್ಚಿಸಿತು. ಒಬ್ಬ ವ್ಯಕ್ತಿ, ಒಂದು ಮಳಿಗೆ. ಹತ್ತಿರದ ಇನ್ನೊಂದು ಮಳಿಗೆಯನ್ನು ಎಷ್ಟು ಹುಡುಕಿದರೂ ಈ ತಪ್ಪಿನ ಸುಳಿವು ಸಿಕ್ಕುತ್ತಿರಲಿಲ್ಲ.

ಆದರೆ ಅಲ್ಲಿಗೇ ನಿಂತರೆ ನಾವು ಅರ್ಧ ನೋಡಿದಂತೆ. ಮೈ ಸರಿಯಿಲ್ಲದವನು ಮನೆಗೆ ಹೋಗಬೇಕು ಎಂಬ ನಿಯಮ ಆ ಚೈನ್‌ನ ಕಾಗದದಲ್ಲಿ ಇತ್ತು. ಅದು ಪಾಲನೆಯಾಗದ್ದು ಬಾಸ್ಟನ್ನಿನಲ್ಲಷ್ಟೇ ಅಲ್ಲ. ಕೆಲಸಗಾರರು ಸಾಲದೆ ಇರುವ ಮಳಿಗೆಯಲ್ಲಿ ಒಬ್ಬರನ್ನು ಮನೆಗೆ ಕಳಿಸಿದರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಮ್ಯಾನೇಜರಿಗೆ ಮೇಲಿನಿಂದ ಮಾತು ಬರುತ್ತದೆ. 2020ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ ಸಂಸ್ಥೆಯಿಂದ 25 ದಶಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. 2015ರಿಂದ 2018ರವರೆಗಿನ ಹಲವು ಘಟನೆಗಳಲ್ಲಿ 1,100ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದದ್ದು ಆ ಪ್ರಕರಣದ ಲೆಕ್ಕದಲ್ಲಿತ್ತು. ಊರೂರಿನ ಇನ್ಸ್‌ಪೆಕ್ಟರುಗಳು ಬಿಡಿ ಅಗುಳುಗಳೆಂದು ಕಂಡಿದ್ದನ್ನು ಯಾರೋ ಕುಳಿತು ಒಟ್ಟಿಗೆ ಇಟ್ಟು ನೋಡಿದ ಮೇಲೆಯೇ ಅದು ಪಾತ್ರೆಯ ತಪ್ಪೆಂದು ಗೊತ್ತಾದದ್ದು.

ಮೂರನೆಯ ಬಗೆಯೂ ಒಂದಿದೆ, ಅದನ್ನು ಬೇಗ ಮುಗಿಸುತ್ತೇನೆ. 2024ರ ಅಕ್ಟೋಬರಿನಲ್ಲಿ ಮೆಕ್‌ಡೊನಾಲ್ಡ್ಸ್‌ನ ಒಂದು ಬರ್ಗರಿನಿಂದ ಅಮೆರಿಕದ ಕೊಲರಾಡೊ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಅದೇ ಓ157 ಹಬ್ಬಿತು. ಹಳೆಯ ನೆನಪಿನಿಂದ ಮೊದಲ ಅನುಮಾನ ಮಾಂಸದ ಮೇಲೂ ಹೋಯಿತು. ಕೊಲರಾಡೊ ರಾಜ್ಯದ ಕೃಷಿ ಇಲಾಖೆ ಪ್ಯಾಟಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಏನೂ ಸಿಗಲಿಲ್ಲ. ಬೇಯಿಸದೆ ಹಾಕುವ, ಹೊರಗಿನಿಂದ ಹೆಚ್ಚಿಕೊಂಡೇ ಬರುವ ಈರುಳ್ಳಿಯತ್ತ ತನಿಖೆ ಹೊರಳಿತು. ಅಲ್ಲಿ ಮಳಿಗೆಯ ಅಡುಗೆಮನೆಯನ್ನು ಎಷ್ಟು ತಪಾಸಣೆ ಮಾಡಿದರೂ ಉಪಯೋಗವಿರಲಿಲ್ಲ, ಏಕೆಂದರೆ ತಪ್ಪು ಮಳಿಗೆಯ ಬಾಗಿಲಿಗೆ ಬರುವ ಮೊದಲೇ ಆಗಿತ್ತು.

ಈಗ ನಮ್ಮಲ್ಲಿಗೆ ಬರೋಣ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಗೆ ಬಂತು. ಗುಣಮಟ್ಟವನ್ನು ಗೊತ್ತುಮಾಡುವುದು ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ. ಬಾಗಿಲು ತಟ್ಟುವುದು ಬಹುಪಾಲು ರಾಜ್ಯದ ಅಧಿಕಾರಿ. ರಾಜ್ಯಕ್ಕೊಬ್ಬ ಆಹಾರ ಸುರಕ್ಷತಾ ಆಯುಕ್ತರು, ಜಿಲ್ಲೆಗೊಬ್ಬ ಅಂಕಿತಾಧಿಕಾರಿ, ಅವರ ಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು. ಹಲವು ರಾಜ್ಯಗಳಲ್ಲಿ ವ್ಯಾಪಾರ ಮಾಡುವ ಚೈನ್ ತನ್ನ ಮುಖ್ಯ ಕಚೇರಿಗೆ ಕೇಂದ್ರ ಪರವಾನಗಿ ಪಡೆಯಬೇಕು, ಜೊತೆಗೆ ಒಂದೊಂದು ಮಳಿಗೆಗೂ ಪ್ರತ್ಯೇಕ ಪರವಾನಗಿ ಇರಬೇಕು. ಕಾಯ್ದೆಯ 66ನೇ ಕಲಮು ಹೇಳುವಂತೆ, ಒಂದು ಕಂಪನಿಗೆ ಹಲವು ಶಾಖೆಗಳಿದ್ದಾಗ ಆಯಾ ಶಾಖೆಯ ಆಹಾರ ಸುರಕ್ಷತೆಗೆ ಹೊಣೆಯೆಂದು ಕಂಪನಿ ಹೆಸರಿಸಿದ ವ್ಯಕ್ತಿಯೇ ಆ ಶಾಖೆಯ ತಪ್ಪಿಗೆ ಗುರಿಯಾಗುತ್ತಾನೆ. ನಿರ್ದೇಶಕರ ಒಪ್ಪಿಗೆಯೋ ಅಲಕ್ಷ್ಯವೋ ಇತ್ತೆಂದು ಸಾಬೀತಾದರೆ ಅವರೂ ಹೊಣೆ. ಕಾನೂನು ಎರಡು ಬಾಗಿಲನ್ನೂ ತೆರೆದಿಟ್ಟಿದೆ. ಆದರೆ ಮೊದಲ ಬಾಗಿಲು ಅಗಲವಾಗಿದೆ, ಎರಡನೆಯದನ್ನು ತಟ್ಟಬೇಕಾದರೆ ಅಧಿಕಾರಿ ಮಳಿಗೆಯಲ್ಲಿ ಕಂಡಿದ್ದರ ಮೂಲ ಎಲ್ಲಿದೆ ಎಂದು ಬರೆದಿಟ್ಟಿರಬೇಕು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ, ಅಧಿಕಾರಿಯೊಬ್ಬರ ಜೊತೆ ಒಂದು ಚೈನ್‌ನ ಮಳಿಗೆಗೆ ಹೋಗಿದ್ದೆ. ಊರಾಗಲಿ ಹೆಸರಾಗಲಿ ಇಲ್ಲಿ ಬೇಡ. ಮಧ್ಯಾಹ್ನ ನಾಲ್ಕು ಗಂಟೆ, ಗಿರಾಕಿಗಳು ಕಡಿಮೆ. ಫ್ರೀಜರಿನ ಬಾಗಿಲ ಮೇಲೆ ಉಷ್ಣತೆ ಬರೆಯುವ ಹಾಳೆಯನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದರು, ಎರಡು ಗಂಟೆಗೊಮ್ಮೆ ಬರೆಯಬೇಕಾದ ಮನೆಗಳು ಅದರಲ್ಲಿದ್ದವು. ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳಗಿನ ಹತ್ತರಿಂದ ಹಿಡಿದು ರಾತ್ರಿ ಹತ್ತರವರೆಗೆ ಎಲ್ಲ ಮನೆಗಳೂ ತುಂಬಿದ್ದವು, ಒಂದೇ ಪೆನ್ನು, ಒಂದೇ ಓರೆಯ ಅಕ್ಷರ, ಎಲ್ಲದರಲ್ಲೂ ಮೈನಸ್ 18. ಇನ್ನೂ ಬಾರದ ರಾತ್ರಿಯ ಉಷ್ಣತೆಯನ್ನೂ ಬರೆದಾಗಿತ್ತು. ಬರೆದ ಹುಡುಗನಿಗೆ ಇಪ್ಪತ್ತು ದಾಟಿರಲಾರದು. ಅವನು ಸುಳ್ಳು ಹೇಳಲಿಲ್ಲ. ‘ಸಂಜೆ ಮೇಲೆ ಕೈ ಬಿಡುವಿರಲ್ಲ ಸಾರ್, ಬಿಲ್ಲೂ ನಾನೇ ಹಾಕ್ಬೇಕು, ಎಣ್ಣೆ ಕಡೇನೂ ನಾನೇ ನೋಡ್ಬೇಕು. ಹಾಳೆ ಖಾಲಿ ಇದ್ರೆ ಆಡಿಟ್‌ನೋರು ಮಾರ್ಕ್ಸ್ ಕಡಿತಾರೆ’ ಎಂದ.

ಅಧಿಕಾರಿ ದಾಖಲೆ ಸುಳ್ಳೆಂದು ಬರೆದು, ಸುಧಾರಣಾ ನೋಟಿಸಿಗೆ ಶಿಫಾರಸು ಮಾಡಿ ಹೊರಟರು. ಕಾನೂನಿನ ಪ್ರಕಾರ ಅದು ಸರಿಯೇ. ಆದರೂ ಆ ಹುಡುಗನ ಮಾತು ನನ್ನನ್ನು ಬಿಟ್ಟಿಲ್ಲ. ಆ ಹಾಳೆಯನ್ನು ಅವನು ರೂಪಿಸಿರಲಿಲ್ಲ. ಮುಖ್ಯ ಕಚೇರಿಯಿಂದ ಎಲ್ಲ ಮಳಿಗೆಗಳಿಗೂ ಬಂದ ಹಾಳೆ ಅದು. ಸಂಜೆಯ ನೂಕುನುಗ್ಗಲಿನಲ್ಲಿ ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸಿ, ಹಾಳೆ ಖಾಲಿ ಬಿಟ್ಟವನಿಗೆ ಅಂಕ ಕಡಿಯುವ ವ್ಯವಸ್ಥೆ ಇದ್ದಲ್ಲೆಲ್ಲ ಹಾಳೆ ಹೀಗೆಯೇ ತುಂಬಿರುತ್ತದೆ. ಅಂದರೆ ಅಲ್ಲಿ ಹಿಚುಕಿದ ಅಗುಳು ಇಡೀ ಪಾತ್ರೆಯ ಸುದ್ದಿ ಹೇಳುತ್ತಿತ್ತು. ಪಕ್ಕದ ತಾಲ್ಲೂಕಿನ ಅಧಿಕಾರಿಗೆ ಒಂದು ಫೋನ್ ಮಾಡಿ, ನಿಮ್ಮಲ್ಲಿರುವ ಮಳಿಗೆಗೂ ನಾಳೆ ನಾಲ್ಕು ಗಂಟೆಗೇ ಹೋಗಿ ಆ ಹಾಳೆಯನ್ನು ನೋಡಿ ಎಂದಿದ್ದರೆ ಸಾಕಿತ್ತು. ಯಾರೂ ಮಾಡಲಿಲ್ಲ, ನಾನೂ ಆಗ ಸೂಚಿಸಲಿಲ್ಲ.

ಹಾಳೆಯನ್ನು ನಂಬದೆ ಏನನ್ನು ನಂಬಬೇಕು ಎಂದು ಕಿರಿಯ ಅಧಿಕಾರಿಗಳು ಕೇಳುತ್ತಾರೆ. ನಿಮ್ಮ ಸ್ವಂತ ಥರ್ಮಾಮೀಟರನ್ನು ನಂಬಿ, ಅದಕ್ಕೂ ಮೊದಲು ಅದನ್ನೇ ಪರೀಕ್ಷಿಸಿ. ಲೋಟದ ತುಂಬ ಮಂಜುಗಡ್ಡೆಯ ಚೂರು ಹಾಕಿ, ಸ್ವಲ್ಪ ನೀರು ಸುರಿದು, ಕಲಕಿ, ಸೂಜಿಯನ್ನು ತಳಕ್ಕೂ ಅಂಚಿಗೂ ತಾಗದಂತೆ ಹಿಡಿದರೆ ಸೊನ್ನೆ ತೋರಿಸಬೇಕು. ಇದನ್ನು ಮಳಿಗೆಯವರ ಕಣ್ಣೆದುರೇ ಮಾಡಿದರೆ ಆಮೇಲೆ ಅಳತೆಯ ಬಗ್ಗೆ ತಕರಾರು ಏಳುವುದಿಲ್ಲ. ಎಫ್‌ಎಸ್‌ಎಸ್‌ಎಐ ತಪಾಸಣಾ ಪಟ್ಟಿಯಂತೆ ಮಾಂಸಾಹಾರದ ನಡುಭಾಗ 75 ಡಿಗ್ರಿಯಲ್ಲಿ 15 ಸೆಕೆಂಡು, ಅಥವಾ 70 ಡಿಗ್ರಿಯಲ್ಲಿ ಎರಡು ನಿಮಿಷ, ಅಥವಾ 65 ಡಿಗ್ರಿಯಲ್ಲಿ 10 ನಿಮಿಷ ಇರಬೇಕು. ತಣ್ಣಗಿಡುವುದು 5 ಡಿಗ್ರಿಯ ಒಳಗಿರಬೇಕು. ಕರಿಯುವ ಎಣ್ಣೆಗೆ ಇನ್ನೊಂದು ಅಳತೆಯಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ, ಎಣ್ಣೆ ಕೆಡುವಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ 25 ದಾಟಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕೈಯಲ್ಲಿ ಹಿಡಿಯುವ ಮೀಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರೆ ಅರೆ ನಿಮಿಷದಲ್ಲಿ ಅಂಕಿ ಬರುತ್ತದೆ. ಆ ಅಂಕಿ ಹೆಚ್ಚಿದ್ದರೆ ಅಡುಗೆಯವನನ್ನು ಗದರಿಸುವ ಮೊದಲು, ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ಗೊತ್ತುಮಾಡಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ.

ಸ್ಯಾಂಪಲ್ ತೆಗೆಯುವುದು ಬೇಡವೇ ಎಂದರೆ, ಖಂಡಿತ ಬೇಕು. ಆದರೆ ಅದರ ಮಿತಿಯೂ ತಿಳಿದಿರಬೇಕು. ಅಧಿಕಾರಿ ಸ್ಯಾಂಪಲ್ಲಿಗೆ ಹಣ ಕೊಟ್ಟು, ನಾಲ್ಕು ಭಾಗ ಮಾಡಿ, ಮೊಹರು ಹಾಕಿ, ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸುತ್ತಾರೆ. ವಿಶ್ಲೇಷಕರಿಗೆ ವರದಿ ಕೊಡಲು 14 ದಿನಗಳ ಅವಕಾಶ. ಬಣ್ಣ, ಕಲಬೆರಕೆ, ತಪ್ಪು ಹೆಸರು ಇಂಥವಕ್ಕೆ ಇದು ಹೊಂದುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಣ್ಣವನ್ನು ನಿಷೇಧಿಸಿದ್ದು ಸ್ಯಾಂಪಲ್ಲುಗಳ ವರದಿಯ ಬಲದಿಂದಲೇ. ಬಣ್ಣ 14 ದಿನ ಕಾದರೂ ಬಣ್ಣವಾಗಿಯೇ ಉಳಿಯುತ್ತದೆ. ಅರೆಬೆಂದ ಪ್ಯಾಟಿಯ 58 ಡಿಗ್ರಿ ಮಾತ್ರ ಎರಡೇ ನಿಮಿಷ ಇರುವಂಥದ್ದು, ಅದನ್ನು ಯಾವ ಪ್ರಯೋಗಾಲಯಕ್ಕೂ ಕಳಿಸಲಾಗದು.

ಹೆಸರಿನ ವಿಷಯ ಬಂದದ್ದರಿಂದ ನೆರೆಯ ಮಹಾರಾಷ್ಟ್ರದ ಒಂದು ಪ್ರಸಂಗವನ್ನು ನೆನೆಯಬಹುದು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಇಲಾಖೆ 2023ರಲ್ಲಿ ಅಹಮದ್‌ನಗರದ ಮೆಕ್‌ಡೊನಾಲ್ಡ್ಸ್ ಮಳಿಗೆಯ ವಿರುದ್ಧ ಕ್ರಮ ಕೈಗೊಂಡಿತು. ಚೀಸ್ ಎಂದು ಹೆಸರಿಸಿದ ಕೆಲವು ತಿನಿಸುಗಳಲ್ಲಿ ಚೀಸಿಗೆ ಬದಲಿಯಾದ ಪದಾರ್ಥವಿದೆ ಎಂಬುದು ಇಲಾಖೆಯ ಆಕ್ಷೇಪ. ತಾನು ಬಳಸುವುದು ಅಪ್ಪಟ ಚೀಸನ್ನೇ ಎಂದು ಆ ಮಳಿಗೆಗಳನ್ನು ನಡೆಸುವ ಸಂಸ್ಥೆ ಗಟ್ಟಿಯಾಗಿ ಹೇಳಿತು. ವಾದದಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ನನಗೆ ಮುಖ್ಯವೆನಿಸಿದ್ದು, ಒಂದು ಜಿಲ್ಲಾ ಕೇಂದ್ರದ ಒಂದು ಮಳಿಗೆಯಲ್ಲಿ ಎದ್ದ ಪ್ರಶ್ನೆಯು ಚೈನ್‌ನ ತಿನಿಸುಗಳ ಪಟ್ಟಿಯ ತನಕ ಹೋದದ್ದು. ತಿನಿಸಿನ ಹೆಸರನ್ನು ಮಳಿಗೆಯ ಮ್ಯಾನೇಜರ್ ಇಡುವುದಿಲ್ಲ. ಪ್ರಶ್ನೆ ಹೋಗಬೇಕಾದಲ್ಲಿಗೇ ಹೋಯಿತು.

ನಾನು ಕೇಳುವುದು ಇಷ್ಟೇ. ತಪಾಸಣಾ ವರದಿಯಲ್ಲಿ ಒಂದೊಂದು ದೋಷದ ಎದುರಿಗೂ, ಇದು ಈ ಮಳಿಗೆಯವರು ಮಾಡಿದ್ದೋ, ಮುಖ್ಯ ಕಚೇರಿಯ ಕೈಪಿಡಿಯಿಂದ ಬಂದದ್ದೋ, ಸರಕು ಪೂರೈಸುವವರಿಂದ ಬಂದದ್ದೋ ಎಂದು ಅಧಿಕಾರಿ ಒಂದು ಸಾಲು ಬರೆಯಲಿ. ಎರಡನೆಯ, ಮೂರನೆಯ ಬಗೆಯದಾದರೆ ಅಂಕಿತಾಧಿಕಾರಿಯ ಮೂಲಕ ಆಯುಕ್ತರಿಗೆ, ಅಲ್ಲಿಂದ ಆ ಚೈನ್‌ನ ಮುಖ್ಯ ಕಚೇರಿಗೆ ಪರವಾನಗಿ ಕೊಟ್ಟ ಕೇಂದ್ರದ ಪ್ರಾಧಿಕಾರಕ್ಕೆ ಆ ಸಾಲು ತಲುಪಲಿ. ಸ್ವಚ್ಛತೆಯಿಲ್ಲದೆ ಆಹಾರ ತಯಾರಿಸಿದ್ದಕ್ಕೆ ಕಾಯ್ದೆಯ 56ನೇ ಕಲಮಿನ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಒಂದು ಮಳಿಗೆಗೆ ಅದು ಭಾರ, ದೊಡ್ಡ ಸಂಸ್ಥೆಗೆ ಅದು ಲೆಕ್ಕಕ್ಕಿಲ್ಲ. ಕೈಪಿಡಿಯ ಒಂದು ಪುಟ ಬದಲಾದರೆ ಮಾತ್ರ ನೂರು ಅಡುಗೆಮನೆಗಳು ಒಂದೇ ದಿನ ಬದಲಾಗುತ್ತವೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದು, ‘ಇದೆಲ್ಲ ಅಧಿಕಾರಿಗಳಿಗಾಯಿತು, ಮಕ್ಕಳನ್ನು ಕರೆದುಕೊಂಡು ಹೋಗುವ ನಾವು ಏನು ಮಾಡಬೇಕು?’ ಎಂದು ಕೇಳಿದರು. ಬಿಲ್ಲನ್ನು ಎಸೆಯಬೇಡಿ ಎಂದೆ. 2022ರ ಜನವರಿಯಿಂದ ಬಿಲ್ಲಿನ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕು. ಅದರಿಂದ ಯಾವ ಮಳಿಗೆ ಎಂಬುದು ತಿಳಿಯುತ್ತದೆ, ದಿನಾಂಕ ಮತ್ತು ತಿನಿಸು ಬಿಲ್ಲಿನಲ್ಲೇ ಇರುತ್ತವೆ. ಓ157ನಂಥ ಸೋಂಕು ತಿಂದ ಮೂರು ನಾಲ್ಕು ದಿನಗಳ ಮೇಲೆ ಕಾಣಿಸಿಕೊಳ್ಳುವುದರಿಂದ, ನಿನ್ನೆ ರಾತ್ರಿಯ ಊಟವನ್ನು ಬೈಯುತ್ತ ಕೂರದೆ ಹಿಂದಿನ ಒಂದು ವಾರದ ಊಟವನ್ನು ನೆನಪು ಮಾಡಿಕೊಂಡು ವೈದ್ಯರಿಗೂ ಇಲಾಖೆಗೂ ಹೇಳಿ. ಮಗುವಿನ ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತ ಕಾಯದೆ ಆಸ್ಪತ್ರೆಗೆ ಹೋಗಿ. ವಾಷಿಂಗ್ಟನ್ ರಾಜ್ಯದ ಆ 16 ಮಂದಿಯ ಮನೆಗಳಿಂದ ಇಲಾಖೆಗೆ ಸಿಕ್ಕಿದ್ದು ಯಾವ ದಿನ, ಯಾವ ಮಳಿಗೆ, ಏನು ತಿಂದರು ಎಂಬ ಮೂರು ಉತ್ತರಗಳು. ಅವು ಸಿಕ್ಕ ಮರುದಿನವೇ ಫ್ರೀಜರುಗಳ ಬಾಗಿಲು ತೆರೆದು ಪೆಟ್ಟಿಗೆಗಳನ್ನು ಹೊರಗೆ ತೆಗೆಯತೊಡಗಿದರು.